ಮುರ್ಗಿ ನಾನಿಯ ಕೈ ಮತ್ತು ದನಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುಂಬಯಿಯ ಜೋಗೇಶ್ವರಿ ಸ್ಟೇಷನ್ನಿನ ಹೊರಗೆ ಚಹಾದವನ ಸ್ಟವ್ ಹೊತ್ತಿಕೊಂಡಿದೆ, ಹಾಲಿನ ಕ್ರೇಟುಗಳು ಇಳಿಯುತ್ತಿವೆ. ಸೇತುವೆಯ ಮೆಟ್ಟಿಲ ಮಗ್ಗುಲಲ್ಲಿ ಗೌಸಚಾಚಾ ಹೊಲಿಗೆ ಯಂತ್ರಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ತೆಗೆದು, ಮಳೆನೀರು ಒದರಿ, ಚಕ್ರಕ್ಕೆ ಎಣ್ಣೆ ಬಿಡುತ್ತಾರೆ. ಮೊದಲ ಗಿರಾಕಿ ಆಗಲೇ ಬಂದು ನಿಂತಿದ್ದಾಳೆ. ಆಫೀಸಿಗೆ ಹೊರಟ ಹುಡುಗಿ, ಬ್ಯಾಗಿನ ಜಿಪ್ ಕಿತ್ತುಹೋಗಿದೆ, ಲೋಕಲ್ ರೈಲು ಬರುವುದರಲ್ಲಿದೆ. ಚಾಚಾ ಇಕ್ಕಳದಿಂದ ಹಳೆಯ ರನ್ನರ್ ಕಿತ್ತು ಹೊಸದನ್ನು ಕೂರಿಸುವಷ್ಟರಲ್ಲಿ ಆಕೆ ಹತ್ತು ಸಲ ಮೊಬೈಲ್ ನೋಡಿಕೊಳ್ಳುತ್ತಾಳೆ, ಅವರ ಮುಖವನ್ನು ಒಮ್ಮೆಯೂ ನೋಡುವುದಿಲ್ಲ.

ನೋಡಿದ್ದರೂ ಗುರುತು ಸಿಗುತ್ತಿರಲಿಲ್ಲ ಬಿಡಿ. ಸುಮಾರು ಮೂವತ್ತೈದು ವರ್ಷಗಳ ಹಿಂದೆ ಈ ಊರಿನ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದದ್ದು ಅವರ ಮುಖವನ್ನಲ್ಲ, ಬಟ್ಟೆಯ ಕೋಳಿಯೊಳಗೆ ಅಡಗಿದ್ದ ಅವರ ಬಲಗೈಯನ್ನು. ಟಿವಿಯಲ್ಲಿ ಮಕ್ಕಳ ಪಾಠದ ಹೊತ್ತಿಗೆ ‘ಮುರ್ಗಿ ನಾನಿ’ ಎಂಬ ಮುದಿ ಕೋಳಿ ಬರುತ್ತಿದ್ದದ್ದು ನಲವತ್ತು ದಾಟಿದವರಿಗೆ ಮಸುಕು ಮಸುಕಾಗಿ ನೆನಪಿರಬಹುದು. ಛತ್ರಿ ಹಿಡಿದು ರಸ್ತೆ ದಾಟುತ್ತಿತ್ತು. ನೀರು ಕುದಿಸುವುದೇಕೆ, ಚಂದ್ರ ಸಣ್ಣಗಾಗುವುದೇಕೆ ಎಂದು ಸಿಕ್ಕಸಿಕ್ಕವರನ್ನೆಲ್ಲ ‘ಕಾಯ್ಕೂ?’ ಎಂದು ಕೇಳಿ ತಲೆ ತಿನ್ನುತ್ತಿತ್ತು. ನನ್ನ ನೆನಪಿನಲ್ಲಿ ಅದು ಬಾತುಕೋಳಿ. ನನ್ನ ತಮ್ಮನ ಪ್ರಕಾರ ಅದಕ್ಕೆ ಕನ್ನಡಕವೂ ಇತ್ತು. ಛತ್ರಿ ಕೆಂಪೋ ಹಸಿರೋ ಎಂದು ನಾವಿಬ್ಬರೂ ಇಂದಿಗೂ ಜಗಳವಾಡುತ್ತೇವೆ, ನಮ್ಮ ಮನೆಯಲ್ಲಿದ್ದದ್ದು ಕಪ್ಪು ಬಿಳುಪು ಟಿವಿ ಎಂಬುದು ಇಬ್ಬರಿಗೂ ಮರೆತುಹೋಗಿದೆ.

ಗೌಸಚಾಚಾ ಇಂಡಿ ತಾಲೂಕಿನವರು. ಮೀಸೆ ಮೂಡುವ ಮುಂಚೆ ಸೋದರಮಾವನ ಬೆನ್ನುಹತ್ತಿ ಮುಂಬಯಿಗೆ ಬಂದು, ಇದೇ ಜೋಗೇಶ್ವರಿಯ ಟೈಲರ್ ಅಂಗಡಿಯೊಂದರಲ್ಲಿ ಕಾಜಾ ಹಾಕುತ್ತ ಕಸುಬು ಕಲಿತರು. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಶೆಡ್ಡಿನಲ್ಲಿ ಮಕ್ಕಳ ಕಾರ್ಯಕ್ರಮ ತಯಾರಿಸುತ್ತಿದ್ದ ಸಣ್ಣ ಕಂಪನಿ ಗೊಂಬೆ ಹೊಲಿಯಲು ಅವರನ್ನು ಕರೆಸಿತು. ಸೋಫಾ ಬಟ್ಟೆಯ ತುಂಡುಗಳಲ್ಲಿ ಕೋಳಿ ಹೊಲಿದುಕೊಟ್ಟರು. ಕೈಯಳತೆ ತೆಗೆದುಕೊಳ್ಳುವುದು ಮರೆತು ತಮ್ಮದೇ ಕೈಗೆ ಹೊಂದುವ ಹಾಗೆ ಹೊಲಿದಿದ್ದರು. ಬೇರೆ ಯಾರ ಕೈಯೂ ಒಳಗೆ ಹೋಗಲಿಲ್ಲ. ಹೊಲಿದವನೇ ಆಡಿಸಲಿ ಎಂದು ಡೈರೆಕ್ಟರು ಬೈದು ಮೇಜಿನ ಕೆಳಗೆ ಕೂರಿಸಿದರು.

ಚಾಚಾನ ಹೆಂಡತಿ ರಶೀದಾ ಅದೇ ಶೆಡ್ಡಿನಲ್ಲಿ ಕಸ ಗುಡಿಸಿ ಚಹಾ ಮಾಡುತ್ತಿದ್ದರು. ಒಂದು ಮಳೆಗಾಲದ ದಿನ ಹಳಿಗಳೆಲ್ಲ ನೀರಾಗಿ, ಕೋಳಿಗೆ ದನಿ ಕೊಡಬೇಕಿದ್ದವರು ಬರಲಿಲ್ಲ. ಕ್ಯಾಮೆರಾ ಬಾಡಿಗೆಗೆ ತಂದದ್ದು, ಕಾಯುವ ಹಾಗಿಲ್ಲ. ರಶೀದಾರನ್ನೇ ಮೇಜಿನ ಕೆಳಗೆ ತಳ್ಳಿದರು. ‘ಕ್ಯೋಂ?’ ಎನ್ನಬೇಕಿದ್ದ ಕಡೆ ಆಕೆ ಗಾಬರಿಯಲ್ಲಿ ಮನೆಯಲ್ಲಿ ಗಂಡನನ್ನು ಕೇಳುವ ಹಾಗೆಯೇ ‘ಕಾಯ್ಕೂ?’ ಎಂದುಬಿಟ್ಟರು. ಶೆಡ್ಡಿಗೆ ಶೆಡ್ಡೇ ನಕ್ಕಿತು. ಅಂದಿನಿಂದ ಕಾರ್ಯಕ್ರಮ ನಿಲ್ಲುವವರೆಗೂ ಮುರ್ಗಿ ನಾನಿ ದಖ್ಖನಿ ಉರ್ದುವಿನಲ್ಲೇ ಪ್ರಶ್ನೆ ಕೇಳಿತು. ಕೊನೆಯಲ್ಲಿ ಸರಸರ ಮೇಲಕ್ಕೆ ಹೋಗುತ್ತಿದ್ದ ಹೆಸರುಗಳಲ್ಲಿ ಗಂಡನದೂ ಇರಲಿಲ್ಲ, ಹೆಂಡತಿಯದೂ ಇರಲಿಲ್ಲ.

“ಮೇಜಿನ ಬುಡಕ ಇಬ್ಬರೂ ಮಂಡಿಗೆ ಮಂಡಿ ಹಚ್ಚಿ ಕುಂದರತಿದ್ದಿವ್ರಿ” ಎನ್ನುತ್ತಾರೆ ಚಾಚಾ. “ಕೈ ನಂದು, ದನಿ ಅಕಿದು. ಅಕಿ ಉಸರು ಎಳಕೊಂಡ್ಲು ಅಂದ್ರ ನನಗ ತಿಳೀತಿತ್ತು, ಈಗ ಕೊಕ್ಕು ತಗೀಬೇಕು ಅಂತ. ಒಬ್ಬರಿಗೊಬ್ಬರು ಹೇಳೂದೇ ಬೇಕಿದ್ದಿಲ್ಲ.”

ಕಂಪನಿ ಮುಚ್ಚಿತು. ರೆಡಿಮೇಡ್ ಬಟ್ಟೆ ಬಂದು ಟೈಲರ್ ಅಂಗಡಿಯೂ ಮುಚ್ಚಿತು, ಚಾಚಾ ಫುಟ್‌ಪಾತಿಗೆ ಇಳಿದರು. ಮಗಳು ಬುಷರಾ ಇನ್ನೂ ಶಾಲೆಯಲ್ಲಿದ್ದಾಗ ರಶೀದಾ ಕಾಮಾಲೆಯಿಂದ ತೀರಿಕೊಂಡರು. ಕೈಗೊಂದು ಮೊಬೈಲ್ ಬಂದು ಎಲ್ಲರ ಮಾತೂ ಅದರಲ್ಲಿ ಸೇರುವ ಕಾಲ ಅದಾಗಿರಲಿಲ್ಲ. ಮನೆಯಲ್ಲಿ ಆಕೆಯ ಎರಡು ಫೋಟೋಗಳಿವೆ. ದನಿ ಎಲ್ಲಿಯೂ ಇಲ್ಲ. ಕಂಪನಿಯಲ್ಲಿದ್ದ ಒಬ್ಬರನ್ನು ಹುಡುಕಿ ಕೇಳಿದೆ. ಟೇಪುಗಳು ದುಬಾರಿಯಾಗಿದ್ದವು, ಒಂದರ ಮೇಲೊಂದು ತುಂಬುತ್ತಿದ್ದೆವು, ಮುರ್ಗಿ ನಾನಿಯ ಮೇಲೆ ಯಾವುದೋ ಸೋಪಿನ ಜಾಹೀರಾತು ಕೂತಿರಬೇಕು ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅವ್ವನ ಮುಖ ಕಣ್ಣಿಗೆ ಬರುತ್ತದೆ, ಮಾತು ಬರುವುದಿಲ್ಲ ಎಂದು ಬುಷರಾ ಎಷ್ಟೋ ಸಲ ಅತ್ತದ್ದಿದೆ. ಪ್ಯಾಕಿಂಗ್ ಯೂನಿಟ್ಟಿನಲ್ಲಿ ದುಡಿಯುವ ಈ ಹೆಣ್ಣುಮಗಳಿಗೆ ಈಗ ಇಬ್ಬರು ಮಕ್ಕಳು. ಒಂದೇ ಒಂದು ಸಲ ರಶೀದಾಳ ದನಿ ಮಗಳಿಗೆ ಕೇಳಿಸಬೇಕು ಎಂಬುದು ಚಾಚಾನ ಆಸೆಯಾಗಿತ್ತು. ಎಲ್ಲಿ ಹುಡುಕಬೇಕೆಂದು ಮಾತ್ರ ತಿಳಿದಿರಲಿಲ್ಲ.

ಹೋದ ಜೂನಿನಲ್ಲಿ ಅದು ತಾನಾಗಿ ನಡೆದು ಬಂತು. ಇಲ್ಲಿನ ಶಾಲೆಯೊಂದರಲ್ಲಿ ಕಲಿಸುವ, ಕಾಂದಿವಲಿಯ ಅನುರಾಧಾ ಟೀಚರ್ ಬ್ಯಾಗ್ ಹೊಲಿಸಲು ಬಂದಿದ್ದರು. ಪಕ್ಕದಲ್ಲಿ ಯಾರದೋ ಮಗು ರಚ್ಚೆ ಹಿಡಿದಿತ್ತು. ಚಾಚಾ ಬ್ಯಾಗಿನ ಬಾಯಿಗೆ ಕೈ ಹಾಕಿ, ಅದರ ಕತ್ತು ವಾರೆ ಮಾಡಿ, ಮಗುವಿನತ್ತ ಬಾಯಿ ತೆರೆಸಿದರು. ಮಗು ಸುಮ್ಮನಾಯಿತು, ಟೀಚರ್ ಕೂಡ. ಆ ವಾರೆ ಕತ್ತನ್ನು ಎಲ್ಲಿ ನೋಡಿದ್ದೇನೆಂದು ಹೊಳೆಯಲು ಅವರಿಗೆ ಎರಡು ಲೋಕಲ್ ಹೋಗುವಷ್ಟು ಹೊತ್ತು ಹಿಡಿಯಿತಂತೆ.

ಚಿಕ್ಕವಳಿದ್ದಾಗ ದುಬೈಯಿಂದ ಮಾವ ತಂದ ಟೇಪ್‌ರೆಕಾರ್ಡರನ್ನು ಟಿವಿಯ ಮುಂದಿಟ್ಟು ಮುರ್ಗಿ ನಾನಿಯನ್ನು ರೆಕಾರ್ಡ್ ಮಾಡಿಕೊಂಡವರು ಈ ಅನುರಾಧಾ. ಅಟ್ಟದಿಂದ ಆ ಕ್ಯಾಸೆಟ್ಟನ್ನು ಹುಡುಕಿ ತಂದು ಕೊಟ್ಟರು. ಕಾಲೇಜಿನಲ್ಲಿದ್ದಾಗ ಹಾಕಿ ಕೇಳಿದ್ದರಂತೆ, ಕೋಳಿಯ ಒಂದೊಂದು ಮಾತೂ ಸ್ಪಷ್ಟವಾಗಿತ್ತಂತೆ. ಅಂಗಡಿಗೆ ಕೊಟ್ಟು ಮೊಬೈಲಿಗೆ ಹಾಕಿಸುತ್ತೇನೆ ಎಂದರೆ ಚಾಚಾ ಒಪ್ಪಲಿಲ್ಲ. ಅಂಗಡಿಯವರಿಗಿಂತ ಮೊದಲು ಬುಷರಾ ಕೇಳಬೇಕು.

ಹಾಕಲು ಟೇಪ್‌ರೆಕಾರ್ಡರ್ ಬೇಕಲ್ಲ. ಈ ಕಾಲದಲ್ಲಿ ಯಾರ ಬಳಿ ಇರುತ್ತದೆ? ಬುಷರಾ ಯಾರ್ಯಾರಿಗೋ ಹೇಳಿ ಹುಡುಕಿಸತೊಡಗಿದಳು. ಸಿಗುವವರೆಗೆ ಕ್ಯಾಸೆಟ್ಟನ್ನು ಜೋಪಾನ ಮಾಡುವ ಕೆಲಸ ಚಾಚಾನದು. ಚಾಳಿನ ಮನೆ ಮಳೆಗೆ ಸೋರುತ್ತದೆ, ಟ್ರಂಕಿನಲ್ಲೂ ಬೂಷ್ಟು. ನೀರು ತಾಗದ, ಮಕ್ಕಳ ಕೈಗೆ ಸಿಗದ ಒಂದೇ ಜಾಗವೆಂದರೆ ಅವರ ಸೂಜಿ ಡಬ್ಬಿ. ಬಿಸ್ಕಿಟಿನ ಹಳೆಯ ತಗಡಿನ ಡಬ್ಬಿ, ಮುಚ್ಚಳ ಬಿಗಿ. ಕ್ಯಾಸೆಟ್ಟನ್ನು ರಶೀದಾಳ ದುಪಟ್ಟಾದ ತುಂಡಿನಲ್ಲಿ ಸುತ್ತಿ ಅದರಲ್ಲಿಟ್ಟರು.

ಫುಟ್‌ಪಾತಿನ ಟೈಲರುಗಳ ಬಳಿ ಒಂದು ಅಯಸ್ಕಾಂತ ಇದ್ದೇ ಇರುತ್ತದೆ. ಹಳೆಯ ಸ್ಪೀಕರಿನಿಂದ ಕಿತ್ತ, ಅಂಗೈಯಗಲದ ಗುಂಡನೆಯ ಕರಿ ತುಂಡು. ಬಿದ್ದ ಸೂಜಿ ಯಾರ ಕಾಲಿಗೂ ಚುಚ್ಚದಿರಲೆಂದು ಸಂಜೆ ಅದನ್ನು ನೆಲದ ಮೇಲೆ ಆಡಿಸಿ ಎತ್ತಿಕೊಳ್ಳುತ್ತಾರೆ. ಚಾಚಾನ ಅಯಸ್ಕಾಂತ ಇರುವುದು ಆ ಡಬ್ಬಿಯ ಮುಚ್ಚಳದ ಒಳಮೈಗೆ ಅಂಟಿಕೊಂಡು. ಮುಚ್ಚಳ ಹಾಕಿದರೆ ಅದು ಸೀದಾ ಕ್ಯಾಸೆಟ್ಟಿನ ಮೇಲೆ ಕೂರುತ್ತದೆ.

ಟೇಪ್‌ರೆಕಾರ್ಡರ್ ಸಿಕ್ಕಿದ ಶುಕ್ರವಾರ ಬುಷರಾ ರಜೆ ಹಾಕಿ ಬಂದಳು. ಮಕ್ಕಳನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿದರು. ಗುಂಡಿ ಒತ್ತಿದರೆ ಬರೀ ಸುಂಯ್ ಎಂಬ ಸದ್ದು. ಯಂತ್ರವೇ ಕೆಟ್ಟಿರಬೇಕೆಂದು ರೇಡಿಯೋ ರಿಪೇರಿಯ ಈಶ್ವರನ ಬಳಿಗೆ ಓಡಿದರು. ಆತ ತನ್ನದೊಂದು ಹಾಡಿನ ಕ್ಯಾಸೆಟ್ ಹಾಕಿದ, ಚೆನ್ನಾಗಿಯೇ ಹಾಡಿತು. ಇದನ್ನು ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿದ. ಚಾಚಾ ಡಬ್ಬಿ ತೆರೆದು ತೋರಿಸಿದರು. ಈಶ್ವರ ಮುಚ್ಚಳ ನೋಡಿ ತಲೆ ತಗ್ಗಿಸಿದನಂತೆ. ಅಯಸ್ಕಾಂತ ಟೇಪಿನಲ್ಲಿರುವುದನ್ನೆಲ್ಲ ಅಳಿಸಿಹಾಕುತ್ತದೆ ಎಂದು ಆತ ಹೇಳಿದಾಗ ಬುಷರಾ ಅಪ್ಪನ ಮುಖ ನೋಡಲಿಲ್ಲ.

ಪೂರ್ತಿ ಅಳಿಸಿರಲಿಲ್ಲ. ಕೊನೆಯ ತುದಿಯಲ್ಲಿ ಒಂದಿಷ್ಟು ಮಾತು ಉಳಿದಿತ್ತು. ಟಿವಿಯದಲ್ಲ, ಟಿವಿಯ ಹಿಂದಿನ ಅಡುಗೆಮನೆಯದು. ‘ಅನೂ, ಗಂಜಿ ಆರ್ತದೆ, ಬಾ’ ಎಂದು ಒಬ್ಬ ಹೆಂಗಸು ಕರೆಯುತ್ತಾರೆ.

“ಟೀಚರ್ ಅವ್ವ ರೀ ಅವರು” ಎನ್ನುತ್ತಾರೆ ಚಾಚಾ. “ಇನ್ನೂ ಅದಾರ್ರಿ, ಗಟ್ಟಿ ಅದಾರ. ದಿನಾ ಫೋನ್ ಮಾಡಿ ಮಗಳ ಜೋಡಿ ಮಾತಾಡ್ತಾರಂತ. ಅವರ ದನಿ ಉಳೀತು ನೋಡ್ರಿ.”

ಈ ಪುಟದ ರೂಢಿಯಂತೆ ದಿನಕ್ಕೆಷ್ಟು ಜಿಪ್, ಎಷ್ಟು ಗಳಿಕೆ ಎಂದೆಲ್ಲ ಕೇಳಬೇಕು, ಕೇಳಿದೆ. ಹೊಟ್ಟೆಯ ಮಟ್ಟಿಗೆ ಆಗುತ್ತದೆ ಎಂದರು. ಮಗಳು ಈಗಲೂ ಬರುತ್ತಾಳೆ, ಅಡುಗೆ ಮಾಡಿಟ್ಟು ಹೋಗುತ್ತಾಳೆ, ಆ ಮಾತು ಮಾತ್ರ ಇಬ್ಬರೂ ಎತ್ತುವುದಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು ಎಂದು ಚಾಚಾ ಯಂತ್ರದ ಕಡೆ ನೋಡುತ್ತ ಹೇಳುತ್ತಾರೆ. ಇಷ್ಟು ವರ್ಷ ಈ ಅಂಕಣಕ್ಕೆ ಎಷ್ಟೋ ಜನರನ್ನು ಮಾತಾಡಿಸಿದ್ದೇನೆ.

ಆದರೂ ಇವರನ್ನು ಸಮಾಧಾನ ಮಾಡಲು ಹೋಗಿ ಒಂದು ದಡ್ಡ ಕೆಲಸ ಮಾಡುತ್ತೇನೆ. ದನಿ ಎಲ್ಲಿಗೂ ಹೋಗಿಲ್ಲ ಚಾಚಾ, ನಮ್ಮಂಥವರ ನೆನಪಿನಲ್ಲಿದೆ, ಹೀಗೇ ಅಲ್ಲವೇ ಎಂದು ಗಂಟಲು ಎಳೆದು ‘ಕಾಯ್ಕೂ?’ ಎನ್ನುತ್ತೇನೆ.

ಚಾಚಾ ಪೆಡಲ್ ನಿಲ್ಲಿಸುತ್ತಾರೆ. ಎರಡೂ ಕಿವಿಗಳ ಮೇಲೆ ಅಂಗೈ ಒತ್ತಿಕೊಂಡು ಕಣ್ಣು ಮುಚ್ಚುತ್ತಾರೆ. ಆಮೇಲೆ, ಸಿಟ್ಟಿಲ್ಲದೆ ಹೇಳುತ್ತಾರೆ.

“ಸುದ್ದಿ ಗೊತ್ತಾದವ್ರು ಎಲ್ಲಾರೂ ಹಿಂಗ ಮಾಡಿ ತೋರಸ್ತಾರ್ರಿ. ಪ್ರೀತೀಲೆ ಮಾಡ್ತಾರ, ನನಗ ಗೊತ್ತದ. ಆದ್ರ ಅಕಿ ದನಿ ಈಗ ನನ್ನ ಕಿವ್ಯಾಗ ಅಷ್ಟ ಉಳದದ, ಅದೂ ಚೂರು. ಅದರ ಮ್ಯಾಲ ನಿಮ್ಮ ದನಿ ಕುಂತಬಿಡ್ತದ. ನಿಮ್ಮ ಪೇಪರದಾಗ ಓದೂ ಮಂದಿಗೆ ಇದೊಂದು ಬರೀರಿ. ಬರ್ರಿ, ಜಿಪ್ ಹಾಕಿಸ್ಕೊಂಡು ಹೋಗ್ರಿ. ಕೋಳಿ ಹಂಗ ಮಾತ್ರ ಮಾತಾಡಬ್ಯಾಡ್ರಿ.”