ಕಾಕಾ ಹಾಕಿದ ನಿಯಮ ಸರಿಯಿತ್ತು

ಮೌಲಾಸಾಬ್ ಕಾಕಾ, ಆ ದಿನ ಫೈರ್‌ವಾಲಿನಲ್ಲಿ ನೀವು ಹಾಕಿದ ನಿಯಮದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಅದು ನನಗೆ ಬೆಳಿಗ್ಗೆಯೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ — ಇಲ್ಲ, ಅದೂ ಸುಳ್ಳು. ಬರೀ ಸುಮ್ಮನಿದ್ದಿದ್ದರೆ ಇಷ್ಟಾಗುತ್ತಿರಲಿಲ್ಲ.

ಬೈರಿದೇವರಕೊಪ್ಪದ ಆ ಔಷಧಿ ಸಗಟು ಗೋದಾಮಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವರು ನಾವಿಬ್ಬರೇ. ನೀವು ಕಮರಿಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಲೇ ನೆಟ್‌ವರ್ಕ್ ಕೆಲಸ ಕಲಿತವರು. ನಾನು ಡಿಪ್ಲೊಮಾ ಮುಗಿಸಿ ಬಂದವಳು, ಆದರೂ ಕೇಬಲ್ಲಿನ ತುದಿಗೆ ಪಿನ್ನು ಕೂಡಿಸುವುದನ್ನು ನಿಮ್ಮಿಂದಲೇ ಕಲಿತವಳು. ಹಿಂದಿನ ವಾರ ನನ್ನ ತಪ್ಪಿನಿಂದ ಪ್ರಿಂಟರುಗಳೆಲ್ಲ ನಿಂತು ಸಾಹುಕಾರರು ಕೂಗಾಡಿದಾಗ ನೀವು ಅಡ್ಡ ಬಂದು, "ಸಣ್ಣಾಕಿ ಅದಾಳ್ರಿ, ಕಲೀತಾಳ, ಬಿಡ್ರಿ" ಅಂದಿರಿ. ಎಲ್ಲರೂ ನಕ್ಕರು. ನಿಮ್ಮ ಆ ಕರುಣೆ ನನಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು — ಯಾಕೆ ಅಂತ ಇವತ್ತಿಗೂ...

ಊರೂರು ತಿರುಗುವ ಸೇಲ್ಸ್‌ನವರು ತಮ್ಮ ಫೋನಿನಲ್ಲೇ ಗೋದಾಮಿನ ಸ್ಟಾಕ್ ನೋಡುವಂತಾಗಬೇಕಿತ್ತು. ಹೊರಗಿನಿಂದ ಬಂದ ಕೋರಿಕೆಯನ್ನು ಬಾಗಿಲು ಕಾಯುವ ಫೈರ್‌ವಾಲ್ ತಡೆಯದೆ ಒಳಗಿನ ಸರ್ವರಿಗೆ ದಾಟಿಸಬೇಕು — ಪೋರ್ಟ್ ಫಾರ್ವರ್ಡಿಂಗ್. ನೀವು ನಿಯಮ ಹಾಕಿದಿರಿ. ಸೇಲ್ಸ್‌ನವರು ಆಫೀಸಿನಲ್ಲೇ ನಿಂತು ಫೋನ್ ಒತ್ತಿದರು. ತೆರೆಯಲಿಲ್ಲ. ನಾನು ಚಹಾ ಕುಡಿಯಲು ರಸ್ತೆಗೆ ಹೋದವಳು ನನ್ನ ಫೋನಿನ ಸ್ವಂತ ಇಂಟರ್ನೆಟ್ಟಿನಲ್ಲಿ ನೋಡಿದೆ. ತಟ್ಟನೆ ತೆರೆಯಿತು! ಅವರೆಲ್ಲರ ಫೋನೂ ಆಫೀಸಿನ ವೈಫೈ ಮೇಲಿತ್ತು. ಒಳಗೇ ಕೂತು ಹೊರಗಿನ ವಿಳಾಸ ಕೇಳಿದರೆ ಆ ಫೈರ್‌ವಾಲ್ ಉತ್ತರ ಕೊಡುತ್ತಿರಲಿಲ್ಲ, ಅಷ್ಟೇ. ವೈಫೈ ಬಂದ್ ಮಾಡಿ ನೋಡ್ರಿ ಕಾಕಾ — ಇಷ್ಟು ಹೇಳಿದ್ದರೆ ಸಾಕಿತ್ತು.

ನಾನು ಒಳಗೆ ಬಂದು ಚೂಡಾ ತಿನ್ನುತ್ತ ಕೂತೆ. ಸಾಹುಕಾರರು ನಿಮ್ಮ ಬೆನ್ನ ಹಿಂದೆಯೇ ನಿಂತಿದ್ದರು. ನಿಮ್ಮ ಅಂಗಿ ಬೆವರಿಗೆ ಅಂಟಿತ್ತು. ನನಗೆ ಮಜಾ ಅನಿಸಿತು. ಹೌದು, ಮಜಾ.

"ನನಗೇನೂ ತಪ್ಪ ಕಾಣವಲ್ದವ್ವಾ. ನೀನರ ನೋಡು," ಅಂದಿರಿ.

"ಎಲ್ಲಾ ಅಳಿಸಿ ಮೊದಲಿಂದ ಮಾಡ್ರಿ ಕಾಕಾ," ಅಂದೆ.

ನೀವು ನಂಬಿದಿರಿ. ಅಳಿಸುವ ಮೊದಲು, ನಿಮಗೆ ಹೇಳದೆ, ಇದ್ದ ಸೆಟ್ಟಿಂಗ್‌ಗಳ ಒಂದು ಪ್ರತಿಯನ್ನು ನಾನು ತೆಗೆದಿಟ್ಟುಕೊಂಡೆ. ಅಳಿಸಿದ್ದೇ ತಡ, ಅದರ ಮೂಲಕವೇ ಹೋಗುತ್ತಿದ್ದ ಧಾರವಾಡದ ಶಾಖೆಯ ಸಂಪರ್ಕವೂ ಕಡಿದುಹೋಯಿತು. ಔಷಧಿ ಆರ್ಡರುಗಳು ನಿಂತವು, ಫೋನಿನ ಮೇಲೆ ಫೋನು. ಗಾಬರಿಯಲ್ಲಿ ನಿಮ್ಮ ಬೆರಳುಗಳು ನಿಜವಾಗಿಯೂ ತಪ್ಪತೊಡಗಿದವು. ಮಧ್ಯಾಹ್ನದ ಹೊತ್ತಿಗೆ ಸಾಹುಕಾರರು ಎಲ್ಲರ ಮುಂದೆ, "ವಯಸ್ಸಾತ್ರಿ ನಿಮಗ. ಇದು ರೇಡಿಯೋ ಅಲ್ಲ. ನಾಳಿಂದ ಬರಬ್ಯಾಡ್ರಿ," ಅಂದರು. ನೀವು ಮುಖ ತೊಳೆಯಲು ಹಿತ್ತಲ ನಲ್ಲಿಯ ಕಡೆ ಹೋದಿರಿ. ಆಗ ನಾನು ಆ ಪ್ರತಿಯನ್ನು ಮರಳಿ ಹಾಕಿದೆ — ನಿಮ್ಮದೇ ನಿಯಮ, ಒಂದಕ್ಷರವೂ ಬದಲಾಗದೆ — ಸೇಲ್ಸ್‌ನವರನ್ನು ರಸ್ತೆಗೆ ಅಟ್ಟಿದೆ. "ಬಂತ್ರಿ!" ಎಂದು ಕೂಗಿದರು. ಎಲ್ಲರೂ ನನ್ನನ್ನು ಹೊಗಳಿದರು.

ನೀವು ಒದ್ದೆ ಮುಖದಲ್ಲೇ ಬಂದು ಪರದೆ ನೋಡಿದಿರಿ. ಬಹಳ ಹೊತ್ತು ನೋಡಿದಿರಿ.

"ನಾನೂ ಹಿಂಗ ಹಾಕಿದ್ನಲ್ಲವ್ವಾ?"

"ಇಲ್ರಿ. ಒಂದು ಅಂಕಿ ತಪ್ಪಿತ್ತು. ನಾ ತಿದ್ದೇನಿ."

ಕೆಲಸದಿಂದ ತೆಗೆದವರು ಸಾಹುಕಾರರು. ಆದರೆ ಈ ಮಾತು ನನ್ನದು. ಅದನ್ನು ಆಡುವ ಅಗತ್ಯವೇ ಇರಲಿಲ್ಲ. ನಾನು ಗೆದ್ದಾಗಿತ್ತು. ಆದರೂ ಆಡಿದೆ, ನಿಮ್ಮ ಮುಖ ಹೇಗಾಗುತ್ತದೆ ಎಂದು ನೋಡುವುದಕ್ಕೆ.

ಎಂಟು ವರ್ಷಗಳ ಮೇಲೆ, ಮೊನ್ನೆ, ಎಲ್ಲವನ್ನೂ ಹೇಳಿಬಿಡಬೇಕೆಂದೇ ನಿಮ್ಮ ಅಳಿಯನ ಅಂಗಡಿಗೆ ಬಂದೆ. ನೀವು ಬಲ್ಬು ಮಾರುತ್ತಿದ್ದಿರಿ. ನನ್ನನ್ನು ಕಂಡು ಖುಷಿಪಟ್ಟಿರಿ, ಸ್ಟೂಲು ಎಳೆದು ಕೂಡಿಸಿದಿರಿ. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದ. ಅವನಿಗೆ ತೋರಿಸಲೆಂದು ಒಂದು ಬಲ್ಬನ್ನು ಹೋಲ್ಡರಿಗೆ ಹಾಕಿ ಗುಂಡಿ ಒತ್ತಿದಿರಿ. ಬೆಳಕು ನೇರ ನಿಮ್ಮ ಮುಖಕ್ಕೇ ಬಿತ್ತು. ನೀವು ಅದನ್ನು ನೋಡಿ, ಮತ್ತೊಮ್ಮೆ ನೋಡಿ, ನಿಮ್ಮ ಕಣ್ಣಿನ ಮೇಲೇ ನಂಬಿಕೆಯಿಲ್ಲದವರಂತೆ ನನ್ನ ಕಡೆ ತಿರುಗಿದಿರಿ.

"ಹತ್ತೈತಿ ಹೌದಲ್ಲ? ನೀನೊಮ್ಮೆ ನೋಡಿ ಹೇಳವ್ವಾ."

"ಹತ್ತೈತ್ರಿ ಕಾಕಾ," ಅಂದೆ. ಹೇಳಬೇಕೆಂದು ಬಂದದ್ದನ್ನು ಹೇಳದೆಯೇ ಎದ್ದು ಬಂದೆ. ನಾಳೆ ಸಾಹುಕಾರರನ್ನೂ ಕರೆದುಕೊಂಡು ಬರುತ್ತೇನೆ. ಅವರ ಎದುರೇ, ಬರೆದಿಟ್ಟ ಇದನ್ನು ನಿಮಗೆ ಓದಿ ಹೇಳುತ್ತೇನೆ. ನನ್ನನ್ನು ಕ್ಷಮಿಸಬೇಡಿ.