ಅಣ್ಣನಿಗೆ ಓದಿ ಹೇಳಿದ ಪಾಠ

ಪಾಂಡವಪುರದ ತರಬೇತಿಯಲ್ಲಿ ಮಮತ ಮೊದಲು ಮಾಡಿಸಿದ್ದು ಉಕ್ತಲೇಖನ, ಅದೂ ಎಡಗೈಯಲ್ಲಿ. ನಾಲ್ಕು ತಾಲ್ಲೂಕಿನಿಂದ ಬಂದಿದ್ದ ಮೇಷ್ಟ್ರುಗಳು, ಟೀಚರುಗಳು ಮೊದಮೊದಲು ನಕ್ಕರು. ಅವಳು ಬಿಡುವು ಕೊಡದೆ ಓದುತ್ತ ಹೋದಂತೆ ನಗು ನಿಂತಿತು. ನಾಗಮಂಗಲ ಕಡೆಯ ಶಿವಶಂಕರ್ ಮೇಷ್ಟ್ರು ಪೆನ್ನು ಕೆಳಗಿಟ್ಟರು.

"ವಸಿ ನಿಧಾನಕ್ಕೆ ಹೇಳಿ ಮೇಡಂ, ಕೈ ಓಡ್ತಿಲ್ಲ."

"ಎಲ್ರೂ ಬರೀತಾವ್ರೆ, ನಿಮಗೇನಾಗದೆ? ಗ್ಯಾನ ಎಲ್ಲಿಟ್ಟಿದ್ದೀರಿ?" ಮಮತ ಗದರಿದಳು.

ಮೇಷ್ಟ್ರ ಮುಖ ಸಪ್ಪಗಾಯಿತು. ಆಮೇಲೆ ಅವಳು ಮೆತ್ತಗೆ ಹೇಳಿದಳು: "ಬೇಜಾರು ಮಾಡ್ಕೋಬೇಡಿ ಸಾರ್. ಇದು ನನ್ನ ಮಾತಲ್ಲ. ನಮ್ಮಣ್ಣ ಶಾಲೇಲಿ ದಿನಾ ಕೇಳಿಸ್ಕೊಂಡ ಮಾತು."

ಅಣ್ಣ ಅಂದರೆ ತಿಮ್ಮೇಶ. ಬೂಕನಕೆರೆಯಲ್ಲಿ ಇಬ್ಬರದೂ ಒಂದೇ ಶಾಲೆ. ತಿಮ್ಮೇಶ ಒಮ್ಮೆ ಕೇಳಿದ ಕತೆಯನ್ನು ಎಳೆಎಳೆಯಾಗಿ ಬಿಡಿಸಿ ಹೇಳುವವನು. ಅದೇ ಕತೆ ಪುಸ್ತಕದಲ್ಲಿ ಎದುರಾದರೆ ಬಾಯಿ ಕಟ್ಟಿಹೋಗುತ್ತಿತ್ತು. ನಿನ್ನೆ ಕಲಿತ ಅಕ್ಷರ ಇವತ್ತು ಹೊಸದು. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಮನೆಯಲ್ಲಿ ಅಪ್ಪ ದೊಡ್ಡಬೀರಯ್ಯ ಮೈಗಳ್ಳ ಎಂದು ಬೈಯುತ್ತಿದ್ದ.

ಸಂಜೆ ಅಣ್ಣ ತಂಗಿ ಕುರಿ ಹೊಡೆದುಕೊಂಡು ಕೆರೆ ಏರಿಯ ಕಡೆ ಹೋಗುವರು. ಎರಡು ಕ್ಲಾಸು ಹಿಂದಿದ್ದ ಮಮತ ಅಣ್ಣನ ಪುಸ್ತಕ ಬಿಡಿಸಿ ಗಟ್ಟಿಯಾಗಿ ಓದುವಳು. ಕುರಿಗಳು ಗರಿಕೆ ಕೀಳುವ ಸದ್ದು, ಜಾಲಿಮರದ ತೆಳು ನೆರಳು, ಅವ್ವ ಸರಸಮ್ಮ ಮಡಿಲಿಗೆ ಸುರಿದ ಹುರಿದ ಅವರೆಕಾಳು. "ಇನ್ನೊಂದ್ಸಲ ಓದವ್ವ," ಅನ್ನುವನು ತಿಮ್ಮೇಶ, ಪಾಠ ಆಗಲೇ ಬಾಯಿಗೆ ಬಂದಿದ್ದರೂ. ಆಮೇಲೆ ಎಷ್ಟೋ ಓದಿದಳು, ಆದರೆ ಆ ಏರಿಯ ಮೇಲಿನ ಓದಿನ ಸುಖ ಮತ್ತೆ ಸಿಗಲಿಲ್ಲ.

ಏಳನೇ ಕ್ಲಾಸಿನ ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು ಬಂದ ತಿಮ್ಮೇಶ ಮತ್ತೆ ಶಾಲೆಯ ಕಡೆ ತಲೆಹಾಕಲಿಲ್ಲ.

ಮಮತ ಟೀಚರಾದಳು. ಬೆಳಗೊಳದ ಶಾಲೆಯಲ್ಲಿದ್ದಾಗ ಮೈಸೂರಿಗೆ ಒಂದು ತರಬೇತಿಗೆ ಹೋದಳು. ಬುದ್ಧಿ ಚುರುಕಾಗಿದ್ದೂ ಅಕ್ಷರ ಒಗ್ಗದ ಮಕ್ಕಳಿರುತ್ತಾರೆ, ಅದು ಸೋಮಾರಿತನವಲ್ಲ, ಅದಕ್ಕೆ ಕಲಿಕಾ ನ್ಯೂನತೆ ಎನ್ನುತ್ತಾರೆ ಎಂದು ಅಲ್ಲಿ ಹೇಳಿದರು. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ತರಬೇತಿ ಮುಗಿದದ್ದೇ ಬಸ್ಸು ಹಿಡಿದು ಊರಿಗೆ ಬಂದಳು.

ತಿಮ್ಮೇಶ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ. ಎಲ್ಲ ಕೇಳಿಸಿಕೊಂಡು ಕೈ ನಿಲ್ಲಿಸಿದ.

"ಅಂಗಾದ್ರೆ ನಂದು ಮೈಗಳ್ಳತನ ಅಲ್ಲ ಅನ್ನು."

"ಅಲ್ಲ ಕಣಣ್ಣ."

"ಅಪ್ಪ ಇರೋವಾಗ ಗೊತ್ತಾಗಿದ್ರೆ ಚೆನ್ನಾಗಿತ್ತು ಕಣವ್ವ," ಎಂದು ಮತ್ತೆ ಕೆಚ್ಚಲಿಗೆ ಕೈ ಹಾಕಿದ.

ಮಮತ ಅವತ್ತಿನಿಂದ ಕಂಡ ಮೇಷ್ಟ್ರಿಗೆಲ್ಲ ಇದನ್ನೇ ಹೇಳುತ್ತ ಬಂದಳು. ಹೇಳಿ ಹೇಳಿ ತರಬೇತಿ ಕೊಡುವ ಕೆಲಸವೇ ಅವಳ ಪಾಲಿಗೆ ಬಂತು.

ಪಾಂಡವಪುರದಲ್ಲಿ ಈ ಕತೆ ಕೇಳಿದ ಶಿವಶಂಕರ್ ಮೇಷ್ಟ್ರು ಊಟದ ಹೊತ್ತಿನಲ್ಲಿ ತಟ್ಟೆ ಹಿಡಿದು ಅವಳ ಪಕ್ಕಕ್ಕೆ ಬಂದರು.

"ನನ್ನ ಕ್ಲಾಸಲ್ಲಿ ಪವಿತ್ರ ಅಂತ ಅವ್ಳೆ ಮೇಡಂ. ಬಾಯಲ್ಲಿ ಎಲ್ಲಾ ಹೇಳ್ತಾಳೆ, ಬರೆಯಕ್ಕೆ ಕೂರ್ಸಿದ್ರೆ ಅಳ್ತಾಳೆ. ಅವ್ಳೂ ಇಂಗೇನಾ?"

"ಇರಬೋದು ಸಾರ್. ನಾವೇ ತೀರ್ಮಾನ ಮಾಡೋದು ಬ್ಯಾಡ, ತಿಳಿದೋರಿಗೆ ತೋರ್ಸಿ. ಅಲ್ಲೀಗಂಟ ಎಲ್ರ ಮುಂದೆ ಓದಿಸ್ಬೇಡಿ. ಮರಳಲ್ಲಿ ಬೆರಳಿಂದ ಅಕ್ಷರ ತಿದ್ಸಿ, ಉತ್ತರ ಬಾಯಲ್ಲೇ ಕೇಳಿ."

ದಸರಾ ರಜೆ ಮುಗಿದು ಶಾಲೆ ಶುರುವಾದ ಮೇಲೆ ಮೇಷ್ಟ್ರು ಫೋನು ಮಾಡಿದರು. ಪವಿತ್ರಳನ್ನು ತಿಳಿದವರ ಹತ್ತಿರ ಪರೀಕ್ಷೆ ಮಾಡಿಸಿದ್ದರು, ಅನುಮಾನ ನಿಜವಾಗಿತ್ತು. ಅದನ್ನು ಬೇಗ ಮುಗಿಸಿ, ಹೇಳಬೇಕೆಂದಿದ್ದ ಮಾತಿಗೆ ಬಂದರು.

"ಇವತ್ತು ಎರಡು ಸಾಲು ಅವಳೇ ಓದಿದ್ಲು ಮೇಡಂ. ಬೋ ಹೊತ್ತು ಹಿಡೀತು."

"ನೀವೇನು ಮಾಡಿದ್ರಿ ಸಾರ್?"

"ನಾನು ಸುಮ್ನೆ ಕಾದೆ."