ಬಿಳಿಗಾಲಿ ಹಾರುತ್ತಿದ್ದ ಬೇಲಿ

ನನ್ನ ನಾದಿನಿ ಯಾರ ಮನೆಗೆ ಹೋದರೂ ಒಳಗೆ ಕಾಲಿಡುವ ಮೊದಲು ಬಾಗಿಲ ಚೌಕಟ್ಟನ್ನು ಹಿಡಿದು ಒಮ್ಮೆ ಅಲುಗಿಸಿ ನೋಡುತ್ತಾಳೆ. ಅದು ಅಲುಗದಿದ್ದರೆ ಅವಳ ಮುಖದಲ್ಲೊಂದು ಸಣ್ಣ ನಗು ಬರುತ್ತದೆ. ಅಲುಗಿದರೆ ಮುಗಿಯಿತು, ಮನೆಯವರು ಎದುರು ನಿಂತು ಕುಶಲ ಕೇಳುತ್ತಿದ್ದರೂ ಅವಳ ಕಣ್ಣು ಚೌಕಟ್ಟಿನ ಬುಡದಲ್ಲೇ ಇರುತ್ತದೆ. ನಾವು ಪಟ್ಟಣದಲ್ಲಿ ಮನೆ ಮಾಡಿದ ಹೊಸದರಲ್ಲಿ ಬಂದಾಗ, "ಅತ್ತಿಗೆ, ಒಂದು ಮೊಳೆ ಇದ್ರೆ ಕೊಡಿ, ಚಹಾ ಆಮೇಲೆ ಕುಡಿಯೋಣ" ಎಂದಿದ್ದಳು. ನಮ್ಮವರು ನಕ್ಕು, "ಇವಳು ಸ್ವರ್ಗಕ್ಕೆ ಹೋದ್ರೂ ಮೊದಲು ಗೇಟು ಅಲ್ಲಾಡಿಸಿ ನೋಡ್ತಾಳೆ" ಎಂದಿದ್ದರು.

ಕುದುರೆ ಸಾಕುವ ಒಂದು ದೊಡ್ಡ ಜಾಗದಲ್ಲಿ ಬೇಲಿ ನೋಡಿಕೊಳ್ಳುವುದು ಅವಳ ಕೆಲಸ. ನಮ್ಮ ಮಾವನವರೂ ಜೀವಮಾನವೆಲ್ಲ ಅದನ್ನೇ ಮಾಡಿದವರು. ಮಗ, ಅಂದರೆ ನಮ್ಮವರು, ಹಾರೆ ಹಿಡಿಯಲಾರೆ ಎಂದು ಪಟ್ಟಣದ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಕೆಲಸಕ್ಕೆ ಸೇರಿಕೊಂಡರು. ಹಾರೆ ಮಗಳ ಕೈಗೆ ಬಂತು. ಎಲ್ಲರೂ ಅವಳನ್ನು ಬೇಲಿಯಮ್ಮ ಎಂದೇ ಕರೆಯುತ್ತಾರೆ. ಮದುವೆಯ ಮಾತು ಒಂದೆರಡು ಸಲ ಬಂದಿತ್ತು. ನೋಡಲು ಬಂದವರು ಅವಳ ಅಂಗೈ ನೋಡಿಕೊಂಡು ಹೋದರು, ಮತ್ತೆ ಬರಲಿಲ್ಲ. ಅದನ್ನೂ ಅವಳು ನಗುತ್ತಲೇ ಹೇಳುತ್ತಾಳೆ. "ನನ್ನ ಕೈ ಹಿಡಿದ್ರೆ ಸಿಬಿರು ಚುಚ್ಚುತ್ತೆ ಅಂತ ಹೆದರಿದ್ರು ಅತ್ತಿಗೆ."

ನಮ್ಮವರು ತೀರಿಕೊಂಡಾಗ ಬಂದು ನನ್ನ ಜೊತೆ ಇದ್ದಳು. ಅಳುವುದು ಅವಳಿಗೆ ಬಾರದು. ನಾನು ಅಳುತ್ತಿರುವಾಗ ಅಡುಗೆಮನೆಯ ಕಿಟಕಿಯ ಚಿಲಕ ಸರಿ ಮಾಡಿದಳು, ಕಪಾಟಿನ ಬಾಗಿಲು ಸರಿ ಮಾಡಿದಳು. ಸರಿ ಮಾಡುವುದಕ್ಕೆ ಇನ್ನೇನೂ ಉಳಿಯದಾಗ, "ಹೋಗ್ತೀನಿ ಅತ್ತಿಗೆ, ಅಲ್ಲಿ ಏನೇನು ಬಿದ್ದಿದೆಯೋ" ಎಂದಳು. ಹೋಗುವಾಗ ಅಣ್ಣನ ಹಳೆಯ ಅಂಗಿಗಳನ್ನು ಕೇಳಿದಳು. ನೆನಪಿಗೆ ಇಟ್ಟುಕೊಳ್ಳಲು ಇರಬೇಕು ಎಂದುಕೊಂಡು ಗಂಟು ಕಟ್ಟಿ ಕೊಟ್ಟೆ.

ಆಮೇಲೆ ಮನೆಯಲ್ಲಿ ಒಬ್ಬಳೇ ಇರಲು ಆಗದೆ ಬಸ್ಸು ಹತ್ತಿ ಅವಳಲ್ಲಿಗೇ ಹೋದೆ. ಬಸ್ಸಿನಿಂದ ಇಳಿಯುವಾಗಲೇ ಕಂಡೆ. ಬೇಲಿಯ ತಂತಿಯ ಉದ್ದಕ್ಕೂ ನಮ್ಮವರ ನೀಲಿ ಗೆರೆಯ ಅಂಗಿ ಪಟ್ಟಿ ಪಟ್ಟಿಯಾಗಿ ಗಾಳಿಗೆ ಹಾರಾಡುತ್ತಿತ್ತು. ಕೆಲಸಕ್ಕೆ ಹೋಗುವಾಗ ಹಾಕುತ್ತಿದ್ದ ಬಿಳಿಯದೂ ಇತ್ತು. ನಾನು ದಾರಿಯಲ್ಲೇ ನಿಂತುಬಿಟ್ಟೆ.

"ಬೇಜಾರಾಯ್ತಾ ಅತ್ತಿಗೆ?" ಎಂದಳು. "ಬರೀ ತಂತಿ ಕುದುರೆ ಕಣ್ಣಿಗೆ ಕಾಣಲ್ಲ. ಓಡಿ ಬಂದು ಎದೆ ಕೊಯ್ಕೊಳ್ಳುತ್ತೆ. ಬಟ್ಟೆ ಆಡ್ತಾ ಇದ್ರೆ ದೂರದಿಂದ್ಲೇ ನಿಲ್ಲುತ್ತೆ. ಅಣ್ಣನ ಅಂಗಿ ಗಟ್ಟಿ ಬಟ್ಟೆ, ಬಿಸಿಲಿಗೂ ಜಗ್ಗಲ್ಲ."

"ಇದ್ದಾಗ ಒಂದು ಕಂಬ ನೆಟ್ಟವರಲ್ಲ. ಈಗ ಬೇಲಿ ಕಾಯೋ ಹಾಗೆ ಮಾಡ್ಬಿಟ್ಟೆ ನೋಡು" ಎಂದೆ. ಇಬ್ಬರಿಗೂ ನಗು ಬಂತು.

ಅವಳಿರುವುದು ಒಂದೇ ಕೋಣೆ, ಹೊಲಗಳ ಕೊನೆಯಲ್ಲಿ, ರಸ್ತೆಯ ಪಕ್ಕ. ಒಂದು ಮಂಚ, ಒಂದು ಒಲೆ, ಗೋಡೆ ತುಂಬ ಗರಗಸ, ಸುತ್ತಿಗೆ, ತಂತಿಯ ಸುರುಳಿ. ಕುರ್ಚಿಯೂ ಒಂದೇ. ಅದನ್ನು ನನಗೆ ಕೊಟ್ಟು ತಾನು ಮೊಳೆಯ ಡಬ್ಬ ಬೋರಲು ಹಾಕಿಕೊಂಡು ಕೂತಳು. ಬಾಗಿಲ ಹೊರಗೆ ಒಂದು ಬಕೆಟ್ಟು ನೀರು ತುಂಬಿಟ್ಟಿದ್ದಳು. ಕಾಲು ತೊಳೆಯಲು ಇರಬೇಕೆಂದು ಅದರಲ್ಲಿ ಕೈ ಅದ್ದಿದೆ. "ಅದಲ್ಲ ಅತ್ತಿಗೆ, ಈ ಕಡೆ ನಲ್ಲಿ ಇದೆ" ಎಂದಳು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಕುದುರೆಯ ಮುಖ! ನಾನು ಕಿಟಾರನೆ ಕಿರುಚಿಕೊಂಡೆ.

"ಕೂಗ್ಬೇಡಿ ಅತ್ತಿಗೆ, ನಮ್ಮ ಬಿಳಿಗಾಲಿ. ಹೊಸಬರನ್ನ ಕಂಡ್ರೆ ಅವಳಿಗೂ ಹೆದರಿಕೆ."

ಕಂದು ಬಣ್ಣದ ಹೆಣ್ಣುಕುದುರೆ, ಹಿಂದಿನ ಒಂದು ಕಾಲು ಮಾತ್ರ ಮೊಣಕಾಲವರೆಗೆ ಬಿಳಿ. ಬಕೆಟ್ಟಿಗೆ ಮೂತಿ ಹಾಕಿ ಸೊರಸೊರ ನೀರು ಕುಡಿಯಿತು. ನಾದಿನಿ ಚಹಾದ ಲೋಟ ಹಿಡಿದುಕೊಂಡು ಅದರ ಭುಜಕ್ಕೆ ಒರಗಿ ನಿಂತಳು. ನೆನ್ನೆ ಎಷ್ಟು ಮೊಳೆ ತುಕ್ಕು ಹಿಡಿದಿತ್ತು, ಯಾವ ಕಂಬಕ್ಕೆ ಗೆದ್ದಲು ಬಂದಿದೆ, ಅತ್ತಿಗೆ ಬಂದಿದ್ದಾರೆ, ಎಲ್ಲವನ್ನೂ ಅದಕ್ಕೆ ಹೇಳಿದಳು. ನನ್ನ ಹತ್ತಿರ ಅಷ್ಟು ಮಾತು ಅವಳು ಯಾವತ್ತೂ ಆಡಿರಲಿಲ್ಲ. ಚಹಾ ಮುಗಿದ ಮೇಲೆ ಜೂಲು ಹಿಡಿದು ಗೇಟಿನ ಕಡೆಯಿಂದ ಒಳಗೆ ಬಿಟ್ಟು ಬಂದಳು. "ಲಾಯದವನಿಗೆ ಹೇಳ್ಬೇಡಿ" ಎಂದಳು.

ಬಿಳಿಗಾಲಿ ಮರಿ ಹಾಕುವುದು ನಿಂತಿತ್ತು. ಬೇರೆ ಕುದುರೆಗಳ ಮರಿಗಳು ಹತ್ತಿರ ಬಂದರೆ ಒದೆಯುತ್ತಿತ್ತು. ಅದಕ್ಕೇ ಅದನ್ನು ರಸ್ತೆ ಪಕ್ಕದ ಹೊಲದಲ್ಲಿ ಬೇರೆ ಇಟ್ಟಿದ್ದರು. ಜೊತೆಗೆ ಒಂದು ಮುದಿ ಬೂದು ಕುದುರೆ ಇತ್ತಂತೆ. ಅದನ್ನು ಬೇಸಿಗೆಗೆ ಮುಂಚೆ ಮಾರಿದರು. ಅದು ಹೋದ ಮೇಲೆ ಇದು ಹಾರುವುದಕ್ಕೆ ಶುರುಮಾಡಿತು. ಹಾರಿದ್ದು ನೇರ ಈ ಬಾಗಿಲಿಗೆ ಬರುತ್ತಿತ್ತು.

"ಅಲ್ಲ ಕಣೇ, ಅದು ಹೊರಗೆ ಬರದ ಹಾಗೆ ನೋಡ್ಕೊಳ್ಳೋದಲ್ವಾ ನಿನ್ನ ಕೆಲಸ?"

"ಹೌದು."

"ಮತ್ತೆ ಬಕೆಟ್ಟು ತುಂಬಿಸಿಡ್ತೀಯಲ್ಲ!"

ಬಕೆಟ್ಟಿನಲ್ಲಿ ಬಿದ್ದಿದ್ದ ಎಲೆಯೊಂದನ್ನು ತೆಗೆದು ಹಾಕಿದಳು. "ಬಂದವರಿಗೆ ಒಂದು ತೊಟ್ಟು ನೀರೂ ಕೊಡ್ಬಾರ್ದಾ ಅತ್ತಿಗೆ?"

ಅದು ಹಾಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ಒಂದು ಬೆಳಿಗ್ಗೆ ಯಾವುದೋ ನಾಯಿ ಬೊಗಳಿತೆಂದು ಬಿಳಿಗಾಲಿ ಬಾಗಿಲಿಗೆ ಬರುವ ಬದಲು ರಸ್ತೆಗೆ ನುಗ್ಗಿತು. ಲಾರಿಯೊಂದು ಕಿರ್ರೆಂದು ಬ್ರೇಕು ಹಾಕಿ ಅಡ್ಡಡ್ಡ ನಿಂತಿತು. ಡ್ರೈವರ್ ಇಳಿದು ಬಾಯಿಗೆ ಬಂದ ಹಾಗೆ ಬೈದ. ಸುದ್ದಿ ಕುದುರೆಗಳ ಧಣಿಯ ಕಿವಿಗೆ ಬಿತ್ತು. ಧಣಿ ಕೆಟ್ಟವರಲ್ಲ. ಮಧ್ಯಾಹ್ನ ತಾವೇ ನಡೆದುಕೊಂಡು ಬಂದರು.

"ಬೇಲಿಯಮ್ಮ, ಅದು ಮರಿ ಹಾಕಲ್ಲ, ಸವಾರಿಗೂ ಆಗಲ್ಲ. ಆದ್ರೂ ತಿನ್ಕೊಂಡು ಇರ್ಲಿ ಅಂತ ಬಿಟ್ಟಿದ್ದೆ. ಇನ್ನೊಂದು ಸಲ ಹಾರಿತು ಅಂತ ಕಿವಿಗೆ ಬಿದ್ರೆ ವ್ಯಾಪಾರಿಗೆ ಕೊಟ್ಟುಬಿಡ್ತೀನಿ."

"ಯಾವ ವ್ಯಾಪಾರಿಗೆ ಧಣಿ?"

"ಅದನ್ನ ಕೇಳ್ಬೇಡ. ಲಾರಿ ಕೆಳಗೆ ಸಾಯೋದನ್ನ ಮಾತ್ರ ನನ್ನ ಕೈಲಿ ನೋಡೋಕಾಗಲ್ಲ."

ಅಂಥ ಕುದುರೆಗಳನ್ನು ಕೊಳ್ಳುವ ವ್ಯಾಪಾರಿ ಅವನ್ನು ಸಾಕುವುದಕ್ಕೆ ಕೊಳ್ಳುವುದಿಲ್ಲ ಎಂಬುದು ನನಗೂ ಗೊತ್ತಿತ್ತು.

ಅವತ್ತೇ ಬೇಲಿಯ ತಂತಿಯ ಮೇಲೆ ಒಂದು ಸಾಲು ಹಲಗೆ ಏರಿತು. ನಾನು ಹಲಗೆ ಎತ್ತಿ ಹಿಡಿದೆ, ಅವಳು ಮೊಳೆ ಹೊಡೆದಳು. ಮೇಲಿನ ಹಲಗೆಗೆ ಸುಣ್ಣ ಬಳಿದೆವು, ಎದ್ದು ಕಾಣಲಿ ಎಂದು. ಬೆಳಿಗ್ಗೆ ನೋಡಿದರೆ ಬಿಳಿಗಾಲಿ ಬಕೆಟ್ಟಿನ ಮುಂದೆ ನಿಂತಿದೆ! ಅವಳು ಚಹಾ ಕುಡಿಯಲಿಲ್ಲ. ಮಾತೂ ಆಡಲಿಲ್ಲ. ದರದರ ಎಳೆದುಕೊಂಡು ಹೋಗಿ ಒಳಗೆ ಬಿಟ್ಟಳು. ಮತ್ತೊಂದು ಸಾಲು ಏರಿಸಿದೆವು. ಅದನ್ನೂ ಹಾರಿತು. ಈ ಸಲ ಲಾಯದವನು, ಕುದುರೆಗಳಿಗೆ ಮೇವು ಹಾಕುವವನು, ಎದುರಿಗೇ ಬಂದ.

"ಏನ್ ಬೇಲಿಯಮ್ಮ, ಇನ್ನು ಮೋಡಕ್ಕೆ ಮೊಳೆ ಹೊಡೀಬೇಕಷ್ಟೆ!"

"ಬಾ ಹತ್ರ, ಮೊದಲು ನಿನ್ನ ನಾಲಿಗೆಗೆ ಹೊಡೀತೀನಿ."

ಅವನು ನಗುತ್ತಾ ಕಣ್ಣುಜ್ಜಿಕೊಂಡ. "ಇವತ್ತು ನನ್ನ ಕಣ್ಣಿಗೆ ಧೂಳು ಬಿದ್ದಿದೆ, ಏನೂ ಕಾಣಿಸ್ಲಿಲ್ಲ. ನಾಳೆ ಬೀಳಲ್ಲಮ್ಮ. ನನಗೂ ಹೆಂಡ್ತಿ ಮಕ್ಕಳಿದ್ದಾರೆ."

ಅವನು ಹೋದ ಮೇಲೆ ಅವಳು ಬೇಲಿಯ ಒಳಗೆ ಮಂಡಿಯೂರಿ ಕೂತಳು. ಮೇಲೆ ನೋಡುವುದನ್ನು ಬಿಟ್ಟು ನೆಲ ನೋಡತೊಡಗಿದಳು. ನಾನು ಪಕ್ಕದಲ್ಲಿ ಕೂತೆ. ಹಾರುವ ಮುನ್ನ ಕುದುರೆ ಕಾಲೂರಿದ ಗೊರಸಿನ ಗುರುತುಗಳು ಒಂದರ ಮೇಲೊಂದು ಒಂದೇ ಜಾಗದಲ್ಲಿದ್ದವು. ಅದರ ಮುಂದೆ ಬೇಲಿಯ ಬುಡಕ್ಕೆ ಉದ್ದುದ್ದ ಮರದ ದಿಮ್ಮಿಗಳು ಮಲಗಿದ್ದವು. ಮಳೆಗೆ ಬುಡದ ಮಣ್ಣು ಕೊಚ್ಚಿಹೋಗಿ ಸಂದಿಯಾದರೆ ನಾಯಿಗಳು ನುಸುಳುತ್ತವೆ ಎಂದು ಮಾವನವರ ಕಾಲದಿಂದಲೂ ಹಾಗೆ ದಿಮ್ಮಿ ಇಡುವ ಪದ್ಧತಿ. ಹೊರಗೆ ಇಟ್ಟರೆ ರಸ್ತೆಯವರು ಸೌದೆಗೆ ಹೊತ್ತುಕೊಂಡು ಹೋಗುತ್ತಾರೆಂದು ಒಳಗಡೆಗೇ ಇಡುತ್ತಿದ್ದರು.

ಅವಳು ದಿಮ್ಮಿಯ ಮೇಲೆ ಕೈಯಿಟ್ಟಳು. ಅಲ್ಲಿಂದ ಗೊರಸಿನ ಗುರುತಿನವರೆಗೆ ಗೇಣು ಹಾಕಿ ಅಳೆದಳು.

"ಏನೇ?"

"ಹಾರೋ ಕುದುರೆ ಬೇಲಿ ತುದಿ ನೋಡೋದಕ್ಕಿಂತ ಬುಡ ನೋಡುತ್ತೆ ಅತ್ತಿಗೆ. ಎಲ್ಲಿ ನೆಲ ಬಿಡ್ಬೇಕು ಅಂತ ಅಳತೆ ಮಾಡ್ಕೊಳ್ಳೋದು ಬುಡದಿಂದ. ಮುಂದೆ ಒಂದು ದಿಮ್ಮಿ ಇದ್ಬಿಟ್ರೆ ಗೆರೆ ಎಳೆದು ತೋರಿಸಿದ ಹಾಗೆ. ನಾನು ಮೇಲೆ ಹಲಗೆ ಹೊಡೀತಾ ಇದ್ದೀನಿ, ಕೆಳಗೆ ಅವಳಿಗೆ ಮೆಟ್ಟಿಲು ಇಟ್ಟು ಕೊಟ್ಟಿದ್ದೀನಿ."

ಅವತ್ತು ಸಂಜೆಯವರೆಗೆ ಇಬ್ಬರೂ ಹಾರೆ ಹಾಕಿ ದಿಮ್ಮಿಗಳನ್ನು ಒಂದೊಂದೇ ಉರುಳಿಸಿ ಬೇಲಿಯ ಹೊರಗೆ ತಂದೆವು. ನನ್ನ ಸೊಂಟ ಹಿಡಿದುಕೊಂಡಿತು. "ಪುಸ್ತಕ ಹೊಲಿಯೋರ ಹೆಂಡ್ತಿಗೆ ಇದೆಲ್ಲ ಎಲ್ಲಿ ಅಭ್ಯಾಸ" ಎಂದು ರೇಗಿಸಿದಳು. ದಿಮ್ಮಿಗಳನ್ನು ಯಾರೂ ಎತ್ತಿಕೊಂಡು ಹೋಗದಂತೆ ತಂತಿಯಿಂದ ಕಂಬಕ್ಕೆ ಬಿಗಿದಳು. ಬೇಲಿಯಿಂದ ಒಳಕ್ಕೆ ಕುದುರೆಯ ಎರಡು ದಾಪುಗಾಲಿನಷ್ಟು ದೂರದಲ್ಲಿ, ಮಂಡಿ ಎತ್ತರಕ್ಕೆ ಇನ್ನೊಂದು ತಂತಿ ಎಳೆದಳು. ಓಡಿ ಬರುವ ಕುದುರೆಯ ಹೆಜ್ಜೆಯ ಲೆಕ್ಕ ತಪ್ಪಲಿ ಎಂದು. ಅದಕ್ಕೆ ಕಟ್ಟಿದ್ದು ನಮ್ಮವರ ಉಳಿದ ಅಂಗಿಗಳನ್ನು. ನಾನೇ ಹರಿದು ಕೊಟ್ಟೆ.

ಮರುದಿನ ಬೆಳಿಗ್ಗೆ ಬಿಳಿಗಾಲಿ ಯಾವಾಗಿನಂತೆ ಓಡಿಬಂತು. ಬಟ್ಟೆ ಕಂಡು ತಡವರಿಸಿತು, ಕಾಲು ಜಾರಿ ಮಣ್ಣು ಎಬ್ಬಿಸಿ ನಿಂತಿತು. ಇನ್ನೊಂದು ಕಡೆಯಿಂದ ಬಂತು, ಅಲ್ಲೂ ನಿಂತಿತು. ಆಮೇಲೆ ಬಾಗಿಲ ಕಡೆ ಮುಖ ಮಾಡಿ ಕೆನೆಯಿತು. ನಾದಿನಿ ಕೋಣೆಯೊಳಗೆ ಕಿಟಕಿಗೆ ಬೆನ್ನು ಹಾಕಿ ಕೂತು ಗರಗಸದ ಹಲ್ಲುಗಳನ್ನು ಅರದಿಂದ ಹರಿತ ಮಾಡುತ್ತಿದ್ದಳು. ಅದು ಕೆನೆದಾಗಲೆಲ್ಲ ಅರವನ್ನು ಇನ್ನೂ ಜೋರಾಗಿ ಉಜ್ಜಿದಳು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಬೇಲಿ ಗೆದ್ದಿತು. ಆದರೆ ಬಿಳಿಗಾಲಿ ಮೇಯುವುದನ್ನು ಬಿಟ್ಟಿತು. ತಂತಿಯ ಉದ್ದಕ್ಕೂ ಆ ತುದಿಯಿಂದ ಈ ತುದಿಗೆ ಬೆಳಗಿನಿಂದ ಕತ್ತಲಾಗುವವರೆಗೆ ನಡೆಯುತ್ತಲೇ ಇರುತ್ತಿತ್ತು. ಹುಲ್ಲು ಸವೆದು ಅಲ್ಲಿ ಬೋಳು ದಾರಿಯಾಯಿತು. ಪಕ್ಕೆಲುಬು ಎಣಿಸುವ ಹಾಗಾಯಿತು. ಎದೆಯ ಮೇಲೆ ತರಚಿದ ಗಾಯ ಕಂಡ ದಿನ ನಾದಿನಿ ಊಟಕ್ಕೆ ಕೂತವಳು ಎದ್ದುಬಿಟ್ಟಳು.

"ಹೊರಗೆ ಬರದ ಹಾಗೆ ಮಾಡ್ದೆ ಅತ್ತಿಗೆ, ಒಳಗೆ ಇರೋ ಹಾಗೆ ಮಾಡ್ಲಿಲ್ಲ. ಹೀಗೇ ಬಿಟ್ರೆ ಒಂದಿನ ತಂತಿಗೇ ಎದೆ ಕೊಟ್ಟು ನುಗ್ಗಿಬಿಡ್ತಾಳೆ."

"ನೀನೇ ಹೋಗಿ ಒಂದು ಗಳಿಗೆ ಅದರ ಹತ್ರ ನಿಂತು ಬಾ."

"ನಾನು ಹೋದ್ರೆ ವಾಪಸ್ ಬರೋವಾಗ ಹಿಂದೆ ಬರ್ತಾಳಲ್ಲ. ಅದೇ ತಾನೆ ಆಗಿದ್ದು ಇಷ್ಟು ದಿನ?" ಎಂದಳು. ಚಪ್ಪಲಿ ಮೆಟ್ಟಿಕೊಂಡು ಎಲ್ಲಿಗೋ ಹೊರಟಳು.

ಬರುವಾಗ ಅವಳ ಹಿಂದೆ ಹಗ್ಗದಲ್ಲಿ ಒಂದು ಕತ್ತೆ! ಆಚೆಯ ಇಟ್ಟಿಗೆ ಗೂಡಿನಲ್ಲಿ ಇಟ್ಟಿಗೆ ಹೊತ್ತು ಹೊತ್ತು ಬೆನ್ನು ಬಗ್ಗಿಹೋದ ಮುದಿ ಕತ್ತೆ, ಒಂದು ಕಿವಿ ಮಡಿಚಿಕೊಂಡಿತ್ತು. ಗೂಡಿನವನ ಮುರುಕು ಗೇಟನ್ನು ಸರಿ ಮಾಡಿಕೊಟ್ಟು ಅದನ್ನು ಬಿಡಿಸಿಕೊಂಡು ಬಂದಿದ್ದಳು. ಧಣಿ ಹಣೆ ಚಚ್ಚಿಕೊಂಡರು.

"ಕುದುರೆ ಹೊಲಕ್ಕೆ ಕತ್ತೆ ತಂದೆಯಲ್ಲ ಬೇಲಿಯಮ್ಮ! ನೋಡಿದವರು ನನಗೆ ಏನಂತಾರೆ?"

"ಕತ್ತೆ ಹಾರಲ್ಲ ಧಣಿ. ಅದಿರೋ ಕಡೆ ಇವಳೂ ನಿಲ್ತಾಳೆ."

"ನಿಲ್ಲದೆ ಹೋದ್ರೆ?"

"ಇಬ್ಬರನ್ನೂ ಕೊಟ್ಟುಬಿಡಿ. ಜೊತೆಗೆ ನನ್ನನ್ನೂ."

ಮೊದಲು ಬಿಳಿಗಾಲಿ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಹೋಯಿತು. ಕತ್ತೆಗೆ ಅದರ ಪರಿವೆಯೇ ಇಲ್ಲ. ಜೀವಮಾನದಲ್ಲಿ ಅಷ್ಟು ಹುಲ್ಲು ಕಂಡಿರಲಿಲ್ಲವೋ ಏನೋ, ಬೆನ್ನು ತಿರುಗಿಸಿ ಮೇಯತೊಡಗಿತು. ಬಿಳಿಗಾಲಿ ತಂತಿಯ ಪಕ್ಕ ನಡೆಯುತ್ತಾ ಆಗಾಗ ನಿಂತು ಅದನ್ನು ನೋಡುತ್ತಿತ್ತು. ನಿಲ್ಲುವುದು ಹೆಚ್ಚಾಯಿತು, ನಡೆಯುವುದು ಕಡಿಮೆಯಾಯಿತು. ಒಂದು ಮಧ್ಯಾಹ್ನ ನೋಡಿದರೆ ಎರಡೂ ಮರದ ನೆರಳಲ್ಲಿ ಒಂದರ ಬಾಲದ ಕಡೆ ಇನ್ನೊಂದರ ಮುಖ ಇಟ್ಟುಕೊಂಡು, ಒಂದರ ನೊಣ ಇನ್ನೊಂದು ಓಡಿಸುತ್ತಾ ನಿಂತಿದ್ದವು.

"ಒಳ್ಳೇದಾಯ್ತು" ಎಂದಳು ನಾದಿನಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಒಳ್ಳೇದೇ ಆಯ್ತು" ಎಂದಳು.

ಆಮೇಲೆ ಅವಳು ಸುತ್ತಿಗೆ ಹಿಡಿದು ಬೇಲಿಯ ಪಕ್ಕ ಹಾದುಹೋದರೂ ಬಿಳಿಗಾಲಿ ತಲೆ ಎತ್ತುತ್ತಿರಲಿಲ್ಲ. ಎತ್ತಿದರೂ ಒಮ್ಮೆ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕುತ್ತಿತ್ತು. ಬೆಳಿಗ್ಗೆ ನಾನು ಬಾಗಿಲು ತೆಗೆದರೆ ಎದುರಿಗೆ ರಸ್ತೆ ಕಾಣುತ್ತಿತ್ತು. ಅವಳು ಚಹಾವನ್ನು ಒಳಗೆ ನಿಂತೇ ಕುಡಿಯುತ್ತಿದ್ದಳು.

ಹೊರಡುವ ಹಿಂದಿನ ದಿನ ಕೇಳಿದೆ. "ಬಂದುಬಿಡೇ ನನ್ನ ಜೊತೆ. ಅಲ್ಲಿ ಎರಡು ಕೋಣೆ ಇದೆ, ಒಂದು ಖಾಲಿ ಬಿದ್ದಿದೆ."

"ನಿಮ್ಮನೆ ಚೌಕಟ್ಟು ಈಗ ಅಲುಗುತ್ತಾ?"

"ಇಲ್ಲಪ್ಪ, ನೀನೇ ಸರಿ ಮಾಡಿದ್ದೀಯಲ್ಲ."

"ಹಾಗಾದ್ರೆ ಅಲ್ಲಿ ನನಗೇನು ಕೆಲಸ? ನೀವೇ ಇಲ್ಲಿ ಇದ್ದುಬಿಡಿ ಅತ್ತಿಗೆ, ಇನ್ನೊಂದು ಕುರ್ಚಿ ಮಾಡ್ತೀನಿ."

"ಏನೇ, ನಿನಗೆ ನಾನು ಕತ್ತೆನಾ?" ಎಂದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಅಲ್ಲಿ ಉಳಿಯಲಿಲ್ಲ. ನಮ್ಮವರು ಓಡಾಡಿದ ಮನೆಗೆ ಬೀಗ ಹಾಕಲು ನನಗೆ ಮನಸ್ಸಾಗಲಿಲ್ಲ. ಅವಳು ಮತ್ತೆ ಕೇಳಲಿಲ್ಲ.

ಈಗಲೂ ಆಗಾಗ ಬಸ್ಸು ಹತ್ತಿ ಹೋಗಿ ಬರುತ್ತೇನೆ. ಕೋಣೆಯಲ್ಲಿ ಎರಡು ಕುರ್ಚಿಗಳಿವೆ. ಹೋದ ಸಲ ಹೋದಾಗ ಬಕೆಟ್ಟು ಇನ್ನೂ ಬಾಗಿಲ ಹೊರಗೇ ಇತ್ತು. ಹಳೆಯ ನೀರು ಚೆಲ್ಲಿ, ತಿಕ್ಕಿ ತೊಳೆದು, ಹೊಸ ನೀರು ತುಂಬಿಟ್ಟಿದ್ದಳು. ಸಂಜೆ ಬೇಲಿ ನೋಡಲು ಹೊರಟಳು, ನಾನೂ ಹಿಂದೆ ಹೋದೆ. ಒಂದೊಂದೇ ಕಂಬ ಹಿಡಿದು ಅಲುಗಿಸುತ್ತಾ ಹೊಲದ ಕೊನೆಯವರೆಗೂ ಹೋದಳು. ಆಚೆ ಬಿಳಿಗಾಲಿ ಮೈ ತುಂಬಿಕೊಂಡು ಕತ್ತೆಯ ಪಕ್ಕ ಮೇಯುತ್ತಿತ್ತು. ಕಂಬಗಳಲ್ಲಿ ಒಂದೂ ಅಲುಗಲಿಲ್ಲ. ಅವಳ ಮುಖದಲ್ಲಿ ಆ ಸಣ್ಣ ನಗು ಬರುತ್ತದೇನೋ ಎಂದು ನೋಡುತ್ತಿದ್ದೆ, ಬರಲಿಲ್ಲ.

"ಎಲ್ಲ ಗಟ್ಟಿಯಾಗಿದೆ ಅತ್ತಿಗೆ" ಎಂದಳು. ಕೋಣೆಗೆ ಹಿಂದಿರುಗಿ, ಬಾಗಿಲ ಮುಂದೆ ಬಗ್ಗಿ, ಆ ಬಕೆಟ್ಟಿನ ನೀರಿನಲ್ಲಿ ಕೈ ತೊಳೆದುಕೊಂಡಳು.